ಕಲಶ: ಪಾತ್ರೆ ಮತ್ತು ಪಾತ್ರತೆ

ಜೈನ ಪರಂಪರೆಯಲ್ಲಿ ಕಲಶಕ್ಕೆ ಸಲ್ಲುವ ಗೌರವ ಬಹು ಪ್ರಾಚೀನವಾದುದು. ಅಷ್ಟಮಂಗಲ ದ್ರವ್ಯಗಳಲ್ಲಿ ಕಲಶವೂ ಒಂದು. ಜಿನಮಾತೆಯು ಕಾಣುವ ಶುಭಸ್ವಪ್ನಗಳನ್ನು ದಿಗಂಬರರು ಹದಿನಾರೆಂದೂ ಶ್ವೇತಾಂಬರರು ಹದಿನಾಲ್ಕೆಂದೂ ಎಣಿಸುವರಾದರೂ ಪೂರ್ಣಕಲಶವು ಎರಡರಲ್ಲಿಯೂ ಇದೆ. ಹತ್ತೊಂಬತ್ತನೆಯ ತೀರ್ಥಂಕರರಾದ ಮಲ್ಲಿನಾಥರ ಲಾಂಛನವೇ ಕಲಶ. ಜಿನಶಿಶುವನ್ನು ಮೇರುಪರ್ವತದ ಪಾಂಡುಕಶಿಲೆಯ ಮೇಲೆ ಕುಳ್ಳಿರಿಸಿ, ದೇವೇಂದ್ರನು ಕ್ಷೀರಸಾಗರದ ಜಲವನ್ನು 1008 ಕಲಶಗಳಿಂದ ಎರೆದನೆಂದು ಪುರಾಣಗಳು ವರ್ಣಿಸುತ್ತವೆ. ಮನೆಯಲ್ಲಿ ಆಡುವ ನುಡಿ ಕನ್ನಡವಿರಲಿ, ಮರಾಠಿಯಿರಲಿ, ಹಿಂದಿ ಅಥವಾ ಗುಜರಾತಿಯಿರಲಿ, ಈ ಪಾತ್ರೆಯನ್ನು ಶ್ರಾವಕರೆಲ್ಲರೂ ಕಲಶವೆಂದೇ ಕರೆಯುತ್ತಾರೆ.

ಇಂತಹ ಮಂಗಲದ್ರವ್ಯವು ಉತ್ಸವದ ದಿನ ಸವಾಲಿಗೆ ಬರುತ್ತದೆ. ಪ್ರಥಮ ಕಲಶ ಯಾರದೆಂಬುದನ್ನು ಸಭೆಯಲ್ಲಿ ಕೂಗಿದ ಮೊತ್ತವೇ ನಿರ್ಣಯಿಸುತ್ತದೆ. ಮೊತ್ತ ಏರಿದಂತೆ ಜಯಘೋಷವೂ ಏರುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ಬಡ ಶ್ರಾವಕನ ಮನದಲ್ಲಿ ಆಗ ಒಂದು ಪ್ರಶ್ನೆ ಮೂಡಿದರೆ ಅದು ಅಸಹಜವಲ್ಲ: ಸರ್ವಸ್ವವನ್ನೂ ತ್ಯಜಿಸಿ ನಿಂತ ಜಿನನ ಸನ್ನಿಧಿಯಲ್ಲಿ, ಹೆಚ್ಚು ಪರಿಗ್ರಹವುಳ್ಳವನಿಗೆ ಮೊದಲ ಸ್ಥಾನ ದೊರೆಯುವುದು ಯುಕ್ತವೇ?

ಇದಕ್ಕೆ ಆತುರದ ಉತ್ತರ ಸಲ್ಲದು. ಸವಾಲಿನಿಂದ ಬಂದ ದ್ರವ್ಯದಿಂದಲೇ ಎಷ್ಟೋ ಬಸದಿಗಳ ಜೀರ್ಣೋದ್ಧಾರವಾಗಿದೆ. ಪಾಠಶಾಲೆಗಳು, ಧರ್ಮಶಾಲೆಗಳು, ಔಷಧಾಲಯಗಳು ನಡೆದಿವೆ. ಗಳಿಸಿದುದನ್ನು ಬಿಟ್ಟುಕೊಡುವವನು ಅಷ್ಟರಮಟ್ಟಿಗೆ ಲೋಭವನ್ನು ಗೆದ್ದಿದ್ದಾನೆ. ಆದರೆ ಕಷಾಯಗಳು ನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ. ಒಂದು ಕೈಯಿಂದ ಹಣವನ್ನು ಬಿಟ್ಟು ಇನ್ನೊಂದು ಕೈಯಿಂದ ಕೀರ್ತಿಯನ್ನು ಬಾಚಿಕೊಂಡರೆ, ಲೋಭವು ತೆರವು ಮಾಡಿದ ಸ್ಥಳದಲ್ಲಿ ಮಾನವು ಬಂದು ಕುಳಿತಂತಾಯಿತು. ಸವಾಲಿನಲ್ಲಿ ಸೋತವನ ಮನದಲ್ಲಿ ಕ್ರೋಧ ಉಳಿದರೆ ಅವನಿಗೂ ಅಂದಿನ ಅಭಿಷೇಕ ಫಲಿಸಲಿಲ್ಲ.

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯವು ಹೇಳುವುದು ಇದನ್ನೇ. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಅವನು ಕಲಶಗಟ್ಟಲೆ ಹಾಲನ್ನು ಎರೆದರೂ ಅದು ಮೂರ್ತಿಯ ಪಾದದವರೆಗೆ ಇಳಿಯಲಿಲ್ಲವಂತೆ. ಆಗ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ತಂದ ತುಸು ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಕೆಳಗೆ ಹರಿಯಿತು. ಕೂಷ್ಮಾಂಡಿನೀ ದೇವಿಯೇ ಆ ರೂಪದಲ್ಲಿ ಬಂದಿದ್ದಳೆಂದು ನಂಬಿಕೆ. ಕೈಯಲ್ಲಿ ಗುಳ್ಳಕಾಯಿ ಹಿಡಿದ ಅಜ್ಜಿಯ ವಿಗ್ರಹ ಇಂದಿಗೂ ಸ್ವಾಮಿಯ ಎದುರಿನಲ್ಲಿದೆ. ಈ ಕಥೆ ಐಶ್ವರ್ಯವನ್ನು ನಿಂದಿಸುವುದಿಲ್ಲ. ಚಾವುಂಡರಾಯನ ಸಂಪತ್ತಿಲ್ಲದೆ ಆ ಮೂರ್ತಿಯೇ ಮೈದಳೆಯುತ್ತಿರಲಿಲ್ಲ. ಹಾಲನ್ನು ತಡೆದದ್ದು ‘ನಾನು ಮಾಡಿಸಿದೆ’ ಎಂಬ ಭಾವ. ತನ್ನ ಕೀರ್ತಿಯ ಎದುರಿಗೇ ಆ ಅಜ್ಜಿಯ ವಿಗ್ರಹಕ್ಕೆ ಎಡೆ ದೊರೆತದ್ದು ಚಾವುಂಡರಾಯನಿಗೂ ಭೂಷಣವೇ.

‘ಪಾತ್ರ’ ಎಂಬ ಒಂದೇ ಶಬ್ದವು ಪಾತ್ರೆಯನ್ನೂ ಯೋಗ್ಯನನ್ನೂ ಸೂಚಿಸುತ್ತದೆ. ದಾನದ ವಿಶೇಷತೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ತಿಳಿಸುತ್ತದೆ. ದ್ರವ್ಯವು ಈ ನಾಲ್ಕರಲ್ಲಿ ಒಂದು ಮಾತ್ರ. ಭಗವಾನ್ ವೃಷಭದೇವರು ಮುನಿಯಾಗಿ ಆಹಾರಕ್ಕೆ ಹೊರಟಾಗ ಜನರು ರತ್ನಗಳನ್ನೂ ಆನೆ ಕುದುರೆಗಳನ್ನೂ ತಂದು ಮುಂದಿಟ್ಟರು. ಅವುಗಳಿಂದ ಅವರಿಗೇನು ಪ್ರಯೋಜನ? ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ವಿಧಿಯನ್ನರಿತು ಕಬ್ಬಿನ ರಸವನ್ನಿತ್ತನು. ಆದಿಜಿನರು ಅದನ್ನು ತಮ್ಮ ಬೊಗಸೆಯಲ್ಲಿಯೇ ಸ್ವೀಕರಿಸಿದರು. ಆ ದಿನವೇ ಅಕ್ಷಯ ತೃತೀಯೆ. ದಿಗಂಬರ ಮುನಿಗಳು ಇಂದಿಗೂ ಪಾಣಿಪಾತ್ರರು. ಊಟಕ್ಕೆ ಅವರಿಗೆ ಕೈಯೇ ಪಾತ್ರೆ. ಸ್ವರ್ಣಕಲಶವನ್ನು ಎತ್ತಿ ಹಿಡಿದ ಶ್ರಾವಕನು ಈ ಬರಿಗೈಯನ್ನು ನೆನೆಯುವುದು ಒಳಿತು.

ಕಲಶದ ಪಾವಿತ್ರ್ಯ ಆರಂಭವಾಗುವುದೂ ಲೋಹದಿಂದಲ್ಲ. ಅದರೊಳಗಿನ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಜಲಾಶಯಕ್ಕೆ ಜೋಪಾನವಾಗಿ ಮರಳಿಸಬೇಕು. ಸಭೆಯಲ್ಲಿ ಇದಕ್ಕೆ ಸವಾಲಿಲ್ಲ, ಜಯಘೋಷವೂ ಇಲ್ಲ. ನಸುಕಿನಲ್ಲಿ ಎದ್ದು ಬಾವಿಯ ಬಳಿ ಇದನ್ನು ಮಾಡುವ ಕೈಗಳ ಹೆಸರು ಯಾವ ಫಲಕದಲ್ಲಿಯೂ ಇರುವುದಿಲ್ಲ. ಆದರೂ ಅಹಿಂಸೆಯ ದೃಷ್ಟಿಯಿಂದ ನೋಡಿದರೆ ಆ ದಿನದ ಮೊದಲ ಪೂಜೆ ನಡೆದದ್ದು ಅಲ್ಲಿಯೇ.

ಆದ್ದರಿಂದ ಸವಾಲನ್ನು ನಿಲ್ಲಿಸಬೇಕೆಂಬುದಕ್ಕಿಂತ ಅದರ ಬಳಿಕ ಏನಾಗಬೇಕೆಂಬುದೇ ಹೆಚ್ಚು ವಿಚಾರಾರ್ಹ. ಕಲಶವನ್ನು ಪಡೆದವರು ಅದನ್ನು ಊರಿನ ವೃದ್ಧ ಶ್ರಾವಿಕೆಯೊಬ್ಬರ ಕೈಗಿತ್ತು ಅಭಿಷೇಕ ಮಾಡಿಸಿದರೆ, ಕೊಟ್ಟ ಹಣದೊಂದಿಗೆ ಮಾನವನ್ನೂ ಕೊಟ್ಟಂತಾಗುತ್ತದೆ. ಸವಾಲು ಹಿಡಿಯಲಾಗದ ಪ್ರತಿಯೊಂದು ಮನೆಗೂ ಒಂದು ಕಿರುಕಲಶ ದೊರೆಯುವಂತೆ ಸಮಾಜವು ನೋಡಿಕೊಂಡರೆ, ಹಿಂದಿನ ಸಾಲಿನವನ ಪ್ರಶ್ನೆಗೆ ಉತ್ತರ ದೊರೆತಂತೆಯೇ ಸರಿ.

ಅಭಿಷೇಕವು ಮುಗಿದಾಗ ಪ್ರಥಮ ಕಲಶದ ನೀರೂ ಕೊನೆಯ ಕಲಶದ ನೀರೂ ಜಿನಬಿಂಬದ ಪಾದದಡಿಯಲ್ಲಿ ಬೆರೆತು ಗಂಧೋದಕವಾಗುತ್ತವೆ. ಅದರಲ್ಲಿ ಇದು ಯಾರ ಹನಿ, ಅದಕ್ಕೆ ಎಷ್ಟು ಬೆಲೆ ಎಂದು ಬೇರ್ಪಡಿಸಲು ಯಾರಿಂದಲೂ ಆಗದು. ಸಿರಿವಂತನೂ ಬಡವನೂ ಅದೇ ಪಾತ್ರೆಯಲ್ಲಿ ಬೆರಳದ್ದಿ ತಲೆಗೆ ಹಚ್ಚಿಕೊಳ್ಳುತ್ತಾರೆ. ಈ ಉತ್ಸವದಲ್ಲಿ ಎತ್ತಲಾಗುವ ಪ್ರತಿಯೊಂದು ಕಲಶದೊಡನೆ ಮನದ ಮಾನಕಷಾಯವೂ ಬರಿದಾಗಲಿ, ಎಲ್ಲರಿಗೂ ಮಂಗಲವಾಗಲಿ.