ಕೈಗಡ

ಅಣ್ಣ ತೀರಿಕೊಂಡ ಎರಡನೆಯ ವರ್ಷ ಅತ್ತಿಗೆ ಬೆಂಗಳೂರಿನ ಮನೆ ಮಾರಿ ಮಗಳ ಊರಿಗೆ ಹೊರಟರು. ಗುಜರಿಯವನಿಗೆ ಹಾಕಲು ಮನಸ್ಸು ಬಾರದೆ ಅಣ್ಣನ ಹಳೆಯ ಕಂಪ್ಯೂಟರನ್ನೂ ಒಂದು ರಟ್ಟಿನ ಡಬ್ಬಿಯನ್ನೂ ಸಿ.ಎಸ್. ಪುರದ ನಮ್ಮ ಮನೆಗೆ ಕಳಿಸಿದರು. ಡಬ್ಬಿಯಲ್ಲಿದ್ದುದು ಪಾಮ್ 3 ಎಂಬ, 1998ರಲ್ಲಿ ಬಂದ ಅಂಗೈಯಗಲದ ಕಂಪ್ಯೂಟರ್. ಕಡ್ಡಿ ಹಿಡಿದು ಅದರ ಮೇಲೆ ಗೀಚುತ್ತಿದ್ದ ಅಣ್ಣನನ್ನು ನಾವು "ಸ್ಲೇಟು ಹಿಡಿದ ಒಂದನೇ ಕ್ಲಾಸು" ಎಂದು ಹಾಸ್ಯ ಮಾಡುತ್ತಿದ್ದೆವು.

ನನ್ನ ಮಗ ಅಡಿಕೆ ತೋಟದ ಮಣ್ಣಿನ ತೇವ ಅಳೆಯುವ ಪುಟ್ಟ ಸರ್ಕ್ಯೂಟ್ ಮಾಡಿದ್ದ. ಅದರ ಲೆಕ್ಕ ತೋರಿಸಲು ಒಂದು ಪರದೆ ಬೇಕಿತ್ತು. ಪಾಮ್ ನಿಲ್ಲಿಸುವ ಪೀಠದ ತಂತಿಯ ತುದಿಯಲ್ಲಿ ಸೀರಿಯಲ್ ಪೋರ್ಟಿನ ಒಂಬತ್ತು ತೂತಿನ ಪ್ಲಗ್ಗು. ಅಕ್ಷರಗಳು ಅದರಲ್ಲಿ ಒಂದರ ಹಿಂದೊಂದು ಹೋಗುತ್ತವೆ, ಪ್ರಾರ್ಥನೆ ಮುಗಿಸಿದ ಮಕ್ಕಳು ಸಾಲಾಗಿ ತರಗತಿಗೆ ಬಂದ ಹಾಗೆ. "ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ ಸೇರಿದರಾಯಿತಮ್ಮ" ಎಂದ.

ಎರಡು ಸಣ್ಣ ಬ್ಯಾಟರಿ ಹಾಕಿದಾಗ ಪರದೆ ಎದ್ದಿತು. ಒಳಗೆ ಏನೂ ಇರಲಿಲ್ಲ; ಬ್ಯಾಟರಿ ಪೂರಾ ಇಳಿದರೆ ಅದರ ನೆನಪೂ ಹೋಗುತ್ತದಂತೆ. ಅಷ್ಟಕ್ಕೇ ಬಿಡಬಹುದಿತ್ತು. ತಂತಿ ಸರಿಯಿದೆಯೇ ನೋಡಲು ಮಗ ಅದನ್ನು ಅಣ್ಣನ ಕಂಪ್ಯೂಟರಿಗೆ ಸಿಕ್ಕಿಸಿ ಪೀಠದ ಗುಂಡಿ ಒತ್ತಿದ. ಅಲ್ಲಿದ್ದ ನಕಲೆಲ್ಲ ಸರಸರನೆ ವಾಪಸು ಬಂತು.

ಕೈಗಡ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಪಟ್ಟಿ. ಹನ್ನೊಂದು ಹೆಸರು. ಮೂರನೆಯದು ನನ್ನದು: 1999, ಬಿ.ಎಡ್. ಫೀಸು, ಎಂಟು ಸಾವಿರ. ಪಕ್ಕದಲ್ಲಿ "ಕೇಳಬಾರದು". ನಾನದನ್ನು ಅಣ್ಣ ಕೊಟ್ಟ ಉಡುಗೊರೆ ಎಂದುಕೊಂಡು ಮರೆತೇಬಿಟ್ಟಿದ್ದೆ. "ಕೇಳಬಾರದು" ಎಂದಿದ್ದುದು ಇನ್ನಿಬ್ಬರ ಹೆಸರಿಗೆ ಮಾತ್ರ. ಉಳಿದವರಲ್ಲಿ ಒಬ್ಬರು ದಿನಾ ಬಸ್ ನಿಲ್ದಾಣದಲ್ಲಿ ನನಗೆ ನಮಸ್ಕಾರ ಹೇಳುವವರು. ಮಾರನೆಯ ದಿನ ಅವರ ಮುಖ ನೋಡಲಾಗಲಿಲ್ಲ, ಸಾಲ ಮಾಡಿದವಳು ನಾನೇ ಎಂಬಂತೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಕಂಪನಿಯೊಡನೆ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಮಾಡಿ ತೋರಿಸಿದ್ದರು. ಊರಿಗೆಲ್ಲ ಒಂದೇ ಯಂತ್ರ, ಆದರೆ ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್. ಯಾರ ಕಾರ್ಡು ಹಾಕಿದರೆ ಅವರ ವಿಷಯ ಮಾತ್ರ ಕಾಣಬೇಕು ಎಂಬುದು ಅವರ ಯೋಚನೆ. 2004ರಲ್ಲಿ ಬಿಇಎಲ್ ತಯಾರಿಕೆಯಲ್ಲಿ ಅಮಿಡಾ ಹೆಸರಿನಿಂದ ಮಾರಾಟಕ್ಕೂ ಬಂತು, ನಿಲ್ಲಲಿಲ್ಲ. ಪಾಮ್‌ನಲ್ಲೂ ಗುಟ್ಟಿನ ಪದದ ಬೀಗ ಹಾಕಬಹುದಿತ್ತು. ಅಣ್ಣ ಹಾಕಿರಲಿಲ್ಲ. ತನ್ನ ಜೇಬಿಗೆ ತಾನೇ ಬೀಗ ಹಾಕುವವರುಂಟೇ?

ಹಾಗಾದರೆ ಆ ಪಟ್ಟಿ ಯಾರದು? ಅಣ್ಣನ ಹಣವೆಂದರೆ ಈಗ ಅತ್ತಿಗೆಯ ಹಣ. ಮನೆ ಮಾರಿದ ಹೆಂಗಸಿಗೆ ಬರಬೇಕಾದ್ದನ್ನು ಮುಚ್ಚಿಡುವುದು ತಪ್ಪು. ಆದರೆ ಅವರೆಲ್ಲ ತಮ್ಮ ಕಷ್ಟವನ್ನು ಹೇಳಿಕೊಂಡದ್ದು ಅಣ್ಣನ ಹತ್ತಿರ. ನನ್ನ ಹತ್ತಿರ ಅಲ್ಲ, ಅತ್ತಿಗೆಯ ಹತ್ತಿರವೂ ಅಲ್ಲ. ಅದೂ ಅಲ್ಲದೆ, ತೀರಿಸಿದವರ ಹೆಸರನ್ನು ಅಣ್ಣ ತೆಗೆದುಹಾಕಿದ್ದನೋ ಹಾಗೇ ಬಿಟ್ಟಿದ್ದನೋ, ಯಾರನ್ನು ಕೇಳುವುದು?

ಎಂಟು ಸಾವಿರ ತೆಗೆದುಕೊಂಡು ಹೋಗಿ ಅತ್ತಿಗೆಯ ಕೈಯಲ್ಲಿಟ್ಟೆ. "ಈಗ್ಯಾಕೆ ಕೊಡ್ತಿದೀಯ?" ಎಂದರು. ಡಬ್ಬಿಯ ಕಥೆ ಹೇಳಿದೆ. "ಬೇರೆ ಏನಾದರೂ ಇತ್ತಾ?" ಎಂದರು. ಇಲ್ಲ ಅಂದೆ. ಮೂವತ್ತು ಮಕ್ಕಳೆದುರು ಸುಳ್ಳು ಹೇಳಬಾರದು ಎಂದು ಪಾಠ ಮಾಡುವ ಬಾಯಿ ಇದು.

ಮಗ ಪಾಮ್‌ನಲ್ಲಿದ್ದುದನ್ನೆಲ್ಲ ಅಳಿಸಿದ. ಈಗ ಅದು ಪಡಸಾಲೆಯ ಗೂಡಿನಲ್ಲಿ ಕುಳಿತು ತೋಟದ ತೇವ ಹೇಳುತ್ತಿದೆ. ಆದರೆ ನಕಲಿರುವ ಕಂಪ್ಯೂಟರನ್ನು ಹಳೆ ಸೀರೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದೇನೆ. ಗುಜರಿಗೆ ಹಾಕೋಣವೇ ಎಂದು ಮಗ ಎರಡು ಸಲ ಕೇಳಿದ. ಇರಲಿ ಎಂದಿದ್ದೇನೆ.