ತೂಕ ಆದ ಮೇಲೆ ಒಂದು ಹಿಡಿ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಸಂಜೆ ಆರರ ಮೇಲೆ ಯಾವುದಾದರೂ ಕಾಂಡಿಮೆಂಟ್ಸ್ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಒಂದು ಕಡೆ ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು, ಖಾರಾಬೂಂದಿ, ಕಾಂಗ್ರೆಸ್ ಕಡ್ಲೇಬೀಜ. ಇನ್ನೊಂದು ಕಡೆ ಗಾಜಿನೊಳಗೆ ಮೈಸೂರು ಪಾಕು, ಕೊಬ್ಬರಿ ಮಿಠಾಯಿ, ಲಾಡು. ಕೊಳ್ಳುವವರು ಬಾಯಿಬಿಟ್ಟು ಕೇಳೋದು ಎರಡೇ ಪ್ರಶ್ನೆ: "ಇವತ್ತಿಂದಾ?" ಮತ್ತು "ಕಾಲು ಕೆಜಿ ಎಷ್ಟು?" ಮೂರನೇದನ್ನು ಕಣ್ಣಲ್ಲೇ ಕೇಳ್ತಾರೆ. ತಕ್ಕಡಿ ಮೇಲೆ 250 ಅಂತ ಬಂದ ಮೇಲೆ ಅಂಗಡಿಯವರ ಕೈ ಇನ್ನೊಂದು ಸಲ ಡಬ್ಬಕ್ಕೆ ಹೋಗುತ್ತಾ, ಇಲ್ವಾ?

ಆ ಎರಡನೇ ಸಲದ ಹಿಡಿಗೆ ಕನ್ನಡದಲ್ಲಿ ಒಂದು ಹೆಸರಿದೆ. ಕೊಸರು. ನಮ್ಮ ಆಫೀಸಿನಲ್ಲಿ ಕನ್ನಡದವರೇ ಆದ ಇಪ್ಪತ್ತೈದರ ಹುಡುಗರಿಗೆ ಈ ಪದ ಗೊತ್ತಿಲ್ಲ. ಗೊತ್ತಿರಬೇಕು ಅಂತಲೂ ಇಲ್ಲ, ಯಾಕಂದ್ರೆ ಅವರು ತಿಂಡಿ ತರಿಸೋದು ಹತ್ತು ನಿಮಿಷದ ಆ್ಯಪ್‌ಗಳಲ್ಲಿ. ಪೊಟ್ಟಣದ ಮೇಲೆ 180 ಗ್ರಾಂ ಅಂತ ಅಚ್ಚಾಗಿರುತ್ತೆ, ಒಳಗೆ ಅಷ್ಟೇ ಇರುತ್ತೆ. ಅಂಟಿಸಿದ ಪೊಟ್ಟಣಕ್ಕೆ ಕೊಸರು ಹಾಕೋಕೆ ಜಾಗ ಎಲ್ಲಿದೆ?

ಅಯ್ಯೋ, ಒಳ್ಳೇ ಕಾಲ ಹೋಯ್ತು ಅಂತ ಗೋಳಾಡೋಕೆ ಇದನ್ನು ಬರೀತಿಲ್ಲ. ನನಗಿರೋ ಪ್ರಶ್ನೆ ಬೇರೆ. ಕೊಸರು ಅಂದ್ರೆ ಏನು? ನ್ಯಾಯವಾ, ದಾನವಾ, ವ್ಯಾಪಾರವಾ? ತೂಕ ಸರಿಯಾಗಿ ಕೊಟ್ಟ ಮೇಲೂ ಇನ್ನೊಂದು ಹಿಡಿ ಕೊಡೋದು ಒಳ್ಳೇತನವಾದರೆ, ಕೊಡದವನು ಕೆಟ್ಟವನಾ? ಸರಿಯಾಗಿ ಅಳೆದು ಕೊಟ್ಟವನ ಮೇಲೆ ನಮಗೆ ಸಣ್ಣ ಬೇಜಾರು ಯಾಕೆ ಬರುತ್ತೆ?

ಮೊದಲು ತಕ್ಕಡಿಯ ಕಷ್ಟ ನೋಡೋಣ. ಕೋಡುಬಳೆ ಸಕ್ಕರೆಯ ಹಾಗಲ್ಲ, 250 ಗ್ರಾಂಗೆ ಸರಿಯಾಗಿ ನಿಲ್ಲೋದಿಲ್ಲ. 243ಕ್ಕೆ ನಿಲ್ಲುತ್ತೆ. ಇನ್ನೊಂದು ಹಾಕಿದರೆ 257. ಇಲ್ಲಿ ಮೂರು ಥರದ ಅಂಗಡಿಯವರು ಕಾಣ್ತಾರೆ. ಒಬ್ಬರು 243ಕ್ಕೇ ಪೊಟ್ಟಣ ಕಟ್ಟಿಬಿಡ್ತಾರೆ. ಇನ್ನೊಬ್ಬರು 257 ಕೊಟ್ಟು ಕಾಲು ಕೆಜಿ ದುಡ್ಡು ತಗೋತಾರೆ. ಮೂರನೆಯವರು ಒಂದು ಕೋಡುಬಳೆ ಮುರಿದು ಅರ್ಧ ಹಾಕಿ, ಉಳಿದರ್ಧವನ್ನು ಡಬ್ಬಕ್ಕೆ ವಾಪಸ್ ಹಾಕ್ತಾರೆ. ಲೆಕ್ಕದ ಪ್ರಕಾರ ಮೂರನೆಯವರಷ್ಟು ಪ್ರಾಮಾಣಿಕರು ಯಾರೂ ಇಲ್ಲ. ಆದರೂ ಬೀದಿಯವರೆಲ್ಲ ಜುಗ್ಗ ಅಂತ ಕರೆಯೋದು ಅವರನ್ನೇ.

ನಮ್ಮ ಕೆಲಸದಲ್ಲಿ ಇದಕ್ಕೆ ರೌಂಡಿಂಗ್ ಅಂತೀವಿ. ಬಿಲ್ಲಿನ ಲೆಕ್ಕದಲ್ಲಿ ಅರ್ಧ ಪೈಸೆ ಬಂದರೆ ಮೇಲಕ್ಕೆ ತಳ್ಳಬೇಕಾ, ಕೆಳಕ್ಕಾ? ಯಾವಾಗಲೂ ಮೇಲಕ್ಕೇ ತಳ್ಳಿದರೆ ಲಕ್ಷಾಂತರ ಬಿಲ್ಲುಗಳಲ್ಲಿ ಅದು ಒಂದೇ ಪಕ್ಷದ ಜೇಬಿಗೆ ಹೋಗುತ್ತೆ. ಅದಕ್ಕೇ ಕಂಪ್ಯೂಟರ್ ಲೆಕ್ಕಗಳಿಗೆ ಅಡಿಪಾಯವಾಗಿರುವ ಐಇಇಇ 754 ಮಾನಕದಲ್ಲಿ, ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗು ಅನ್ನುವ ನಿಯಮವಿದೆ. 2.5 ಬಂದರೆ 2, 3.5 ಬಂದರೆ 4. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಕೊನೆಗೆ ಯಾರಿಗೂ ಮೋಸ ಇಲ್ಲ. ಯಂತ್ರಕ್ಕೆ ಇದು ಸರಿಯಾದ ಉತ್ತರ, ಅದು ಯಾವ ಪಕ್ಷಕ್ಕೂ ಸೇರಿದ್ದಲ್ಲ. ಆದರೆ ಕೌಂಟರಿನ ಹಿಂದೆ ನಿಂತ ಮನುಷ್ಯ ಒಂದು ಪಕ್ಷ. ಅಳತೆಯಲ್ಲಿ ತಪ್ಪು ಇದ್ದೇ ಇರುತ್ತೆ ಅಂತ ಅವನಿಗೆ ಗೊತ್ತು. ಅಳೆಯೋ ಸಾಧನ ತನ್ನ ಕೈಯಲ್ಲೇ ಇರೋದರಿಂದ ಆ ತಪ್ಪು ತನಗೇ ತಗುಲಲಿ, ಎದುರಿನವನಿಗೆ ಬೇಡ ಅಂತ ಅವನು ತೀರ್ಮಾನಿಸಿದಾಗ ಕೊಸರು ಹುಟ್ಟುತ್ತೆ. 

ಇದು ಕೊಸರಿನ ಒಳ್ಳೇ ಮುಖ. ಇನ್ನೊಂದು ಮುಖವನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರ್ತಾರೆ.

ನಮ್ಮೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಒಂದೇ ಒಂದು ಸಿಹಿ-ಖಾರದ ಅಂಗಡಿ ಇತ್ತು. ಕಡ್ಲೇಪುರಿಯನ್ನು ಅಲ್ಲಿ ಸೇರಿನಲ್ಲೇ ಅಳೀತಿದ್ದರು. ಮೊದಲನೇ ಸೇರಿಗೆ "ಒಂದು" ಅನ್ನೋ ಹಾಗಿಲ್ಲ, "ಲಾಭ" ಅಂತ ಶುರು ಮಾಡಿ ಆಮೇಲೆ ಎರಡು, ಮೂರು. ಸೇರು ಒಂದೇ ಆದರೂ ಅದನ್ನು ತುಂಬೋದು ಎರಡು ಥರ. ಗೋಪುರದ ಹಾಗೆ ಎದ್ದು ನಿಲ್ಲುವ ತುಂಬು ಸೇರು ಒಂದು, ಅಂಗೈಯಲ್ಲಿ ಸವರಿ ಚಪ್ಪಟೆ ಮಾಡಿದ ಸೇರು ಇನ್ನೊಂದು. ಊರಿನ ದೊಡ್ಡ ಮನೆಯವರು ಬಂದರೆ ಗೋಪುರ, ಜೊತೆಗೆ ಅವರ ಮಗುವಿನ ಕೈಗೊಂದು ಕೊಬ್ಬರಿ ಮಿಠಾಯಿ. ನಮ್ಮಂಥ ನಾಲ್ಕೆಕರೆಯವರಿಗೆ ತುಂಬು ಸೇರು, ಮೇಲೊಂದು ಹಿಡಿ. ವಾರದ ಕೂಲಿ ಇಸ್ಕೊಂಡು ಸಂತೆ ದಿನ ಮಕ್ಕಳಿಗೆ ಅಂತ ಖಾರ ಕಟ್ಟಿಸೋಕೆ ಬರ್ತಿದ್ದ ಹೆಂಗಸರಿಗೆ ಸವರಿದ ಸೇರು. ಪೊಟ್ಟಣವನ್ನು ಅವರ ಕೈಗೆ ಕೊಡ್ತಿರಲಿಲ್ಲ, ಕಟ್ಟೆ ಮೇಲೆ ಇಡ್ತಿದ್ದರು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಜ್ಜಿ ಒಂದು ಸಲ ಅಂಗಡಿಯಿಂದ ಬರ್ತಾ ಹೇಳಿದ್ದು ನೆನಪಿದೆ: "ತಕ್ಕಡಿಗೆ ಕಣ್ಣಿಲ್ಲ ಮಗ, ಕೈಗೆ ಕಣ್ಣೈತೆ." ಆ ವಯಸ್ಸಿಗೆ ನನಗೆ ಕಂಡಿದ್ದು ನಮ್ಮ ಪೊಟ್ಟಣದೊಳಗಿನ ಹೆಚ್ಚಿನ ಹಿಡಿ ಮಾತ್ರ.

ಆದ್ದರಿಂದ ಗ್ರಾಂ ಲೆಕ್ಕದ ತಕ್ಕಡಿಯನ್ನು, ಅಚ್ಚಾದ ಪೊಟ್ಟಣವನ್ನು ಬೈಯುವ ಮೊದಲು ನಾನು ಎರಡು ಸಲ ಯೋಚಿಸ್ತೀನಿ. ಸೇರು, ಚಟಾಕುಗಳ ಜಾಗಕ್ಕೆ 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಬರತೊಡಗಿದಾಗ ಹಳಬರಿಗೆ ಅದು ಕಿರಿಕಿರಿಯಾಗಿರಬಹುದು. ಆದರೆ ಇಲೆಕ್ಟ್ರಾನಿಕ್ ತಕ್ಕಡಿಯ ಕೆಂಪು ಅಂಕಿಗಳು ದೊಡ್ಡ ಮನೆಯವರಿಗೂ ಕೂಲಿಯವಳಿಗೂ ಒಂದೇ. ಹತ್ತು ನಿಮಿಷದ ಆ್ಯಪ್ ನಿಮ್ಮ ಜಾತಿ ಕೇಳಿ ಪೊಟ್ಟಣ ಚಿಕ್ಕದು ಮಾಡೋದಿಲ್ಲ. ಕೊಸರು ಇಲ್ಲದ ಜಗತ್ತಿನಲ್ಲಿ ಕೊಸರಿನ ತಾರತಮ್ಯವೂ ಇಲ್ಲ. ಇದನ್ನು ಸಣ್ಣ ಲಾಭ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಕೊಸರಿಗೆ ಇನ್ನೂ ಒಂದು ಆರೋಪ ಇದೆ: ಅದು ಒಳ್ಳೇತನವೇ ಅಲ್ಲ, ಬರೀ ಗಿರಾಕಿ ಹಿಡಿಯುವ ಉಪಾಯ. ಈ ಪದ್ಧತಿ ನಮ್ಮಲ್ಲಷ್ಟೇ ಇಲ್ಲ. ಪೆರುವಿನ ಸಂತೆಗಳಲ್ಲಿ ಇದಕ್ಕೆ ಯಾಪ ಅಂತಾರೆ. ಅದೇ ಪದ ಸ್ಪ್ಯಾನಿಷ್ ಮೂಲಕ ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಲಾನ್ಯಾಪ್ ಆಯ್ತು. ಮಾರ್ಕ್ ಟ್ವೇನ್ 1883ರ ತನ್ನ ಮಿಸಿಸಿಪಿ ಪುಸ್ತಕದಲ್ಲಿ ಈ ಪದವನ್ನು ಬಹಳ ಮೆಚ್ಚಿಕೊಂಡು ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ ಬೇಕರಿಯವರ ಡಜನ್ ಅಂದ್ರೆ ಹದಿಮೂರು. ಹದಿಮೂರನೇ ಶತಮಾನದಲ್ಲಿ ಬ್ರೆಡ್ಡಿನ ತೂಕಕ್ಕೆ ಕಟ್ಟುನಿಟ್ಟಿನ ಕಾನೂನು ಬಂದಾಗ, ಕಮ್ಮಿ ಬಂದರೆ ಶಿಕ್ಷೆ ಅನ್ನೋ ಭಯಕ್ಕೆ ಒಂದು ಹೆಚ್ಚಿಗೆ ಹಾಕಿಕೊಡ್ತಿದ್ದರು ಅನ್ನೋದು ಅದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಅಂದ್ರೆ ಭಯಕ್ಕೆ ಕೊಟ್ಟರೂ ಕೊಸರೇ, ಆಸೆಗೆ ಕೊಟ್ಟರೂ ಕೊಸರೇ, ಪ್ರೀತಿಗೆ ಕೊಟ್ಟರೂ ಕೊಸರೇ. ಪೊಟ್ಟಣ ನೋಡಿ ಯಾವುದು ಅಂತ ಹೇಳೋಕಾಗಲ್ಲ.

ಅದರಲ್ಲೂ ಕಣ್ಕಟ್ಟಿನ ಕೊಸರು ಒಂದಿದೆ. ಅರ್ಧ ಕೆಜಿ ಮೈಸೂರು ಪಾಕನ್ನು ಡಬ್ಬಿ ಸಮೇತ ತೂಗಿ, ಕೊನೆಗೆ ನಗ್ತಾ ಒಂದು ಚೂರು ಮೇಲಿಡೋದು. ಡಬ್ಬಿ 40 ಗ್ರಾಂ ಇದ್ದು, ಸಿಹಿ ಕೆಜಿಗೆ 800 ರೂಪಾಯಿ ಅಂತಿಟ್ಟುಕೊಳ್ಳಿ. ರಟ್ಟಿಗೆ ನೀವು ಕೊಟ್ಟಿದ್ದು 32 ರೂಪಾಯಿ, ಮೇಲಿಟ್ಟ ಚೂರಿನ ಬೆಲೆ ಎಂಟು ರೂಪಾಯಿ ಇರಬಹುದು. ಡಬ್ಬಿಯ ತೂಕವನ್ನು ಸಿಹಿಯ ತೂಕಕ್ಕೆ ಸೇರಿಸೋದು ಕಾನೂನಿಗೆ ವಿರುದ್ಧ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ದಾಳಿಗೆ ಹೋದಾಗ ಕೇಸು ಹಾಕೋ ಕಾರಣಗಳಲ್ಲಿ ಇದೂ ಒಂದು. ಖಾಲಿ ಡಬ್ಬಿಯಿಟ್ಟು ಅಂಕಿಯನ್ನು ಸೊನ್ನೆ ಮಾಡೋಕೆ ತಕ್ಕಡಿಯಲ್ಲಿ ಒಂದು ಬಟನ್ನೇ ಇರುತ್ತೆ. ಅದನ್ನು ಒತ್ತದವನು ಕೊಡುವ ಕೊಸರು ನಮ್ಮ ದುಡ್ಡಿನಲ್ಲೇ ನಮಗೆ ಕೊಟ್ಟ ಉಡುಗೊರೆ.

ಇಲ್ಲಿಗೆ ನನಗೆ ಒಂದು ಮಾತು ಸ್ಪಷ್ಟವಾಗುತ್ತೆ. ಎಲ್ಲಾ ಇರೋದು ಯಾವುದು ಮೊದಲು, ಯಾವುದು ಆಮೇಲೆ ಅನ್ನೋದರಲ್ಲಿ. ತೂಕ ನಮ್ಮ ಹಕ್ಕು. ತಾಜಾತನವೂ ಹಕ್ಕೇ. ಬಿಡಿ ಸಿಹಿತಿಂಡಿಯ ತಟ್ಟೆಗಳ ಮುಂದೆ ಎಷ್ಟನೇ ತಾರೀಖಿನೊಳಗೆ ತಿನ್ನಬೇಕು ಅಂತ ಬರೆದಿರಬೇಕು ಎಂಬ ಎಫ್‌ಎಸ್‌ಎಸ್‌ಎಐ ಆದೇಶ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಇವೆರಡನ್ನೂ ಧೈರ್ಯವಾಗಿ ಕೇಳಬಹುದು, ಕೇಳಬೇಕು. ಕೊಸರು ಹಾಗಲ್ಲ. ಹಕ್ಕು ಪೂರ್ತಿ ತೀರಿಸಿದ ಮೇಲೆ ಉಳಿಯುವ ಜಾಗದಲ್ಲಿ ಮಾತ್ರ ಅದು ಕೊಸರು. ಅದಕ್ಕೆ ಮುಂಚೆ ಬಂದರೆ ಲಂಚ. ಕೇಳಿ ತಗೊಂಡರೆ ಅದರ ಹೆಸರೇ ಬೇರೆ, ಕೊಸರಾಟ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಐದನೇ ಭಾಗದಲ್ಲಿ ನ್ಯಾಯದ ಬಗ್ಗೆ ಉದ್ದಕ್ಕೆ ಬರೆದು, ಕೊನೆಯ ಹೊತ್ತಿಗೆ ಇನ್ನೊಬ್ಬ ಮನುಷ್ಯನನ್ನು ತರ್ತಾನೆ. ಕಾನೂನು ತನ್ನ ಪರವಾಗಿದ್ದರೂ ತನ್ನ ಪಾಲಿಗಿಂತ ಸ್ವಲ್ಪ ಕಮ್ಮಿಯನ್ನೇ ತಗೊಳ್ಳುವವನು. ಅವನು ನ್ಯಾಯವನ್ನು ಬಿಟ್ಟವನಲ್ಲ, ನ್ಯಾಯದ ಒಂದು ರೀತಿಯೇ ಅದು ಅಂತಾನೆ ಅರಿಸ್ಟಾಟಲ್. 257 ಗ್ರಾಂ ಕೊಟ್ಟು ಕಾಲು ಕೆಜಿ ದುಡ್ಡು ಇಸ್ಕೊಂಡ ಅಂಗಡಿಯವರು ಅವನಿಗೆ ಅರ್ಥವಾಗ್ತಿದ್ದರು ಅನ್ಸುತ್ತೆ.

ಕೊಡುವವನ ಕಥೆ ಇದಾದರೆ, ತಗೊಳ್ಳುವವರ ಕಥೆಗೆ ಗ್ರೀಸಿನ ತನಕ ಹೋಗಬೇಕಿಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಮ್ಮವರೇ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ, ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂದಳು. ಕದ್ದ ಅಕ್ಕಿಯಲ್ಲ ಅದು. ಬೇಕಾದ್ದಕ್ಕಿಂತ ಹೆಚ್ಚು, ಅಷ್ಟೇ. ನಮ್ಮಂಥವರಿಗೆ ಅಷ್ಟು ಗಟ್ಟಿತನ ಕಷ್ಟ. ಆದರೆ ಒಂದನ್ನು ಅವಳಿಂದ ತಗೋಬಹುದು: ಹೆಚ್ಚಿಗೆ ಬಂದದ್ದು ಕೈಗೆ ಬಿದ್ದ ಕ್ಷಣ ಇದು ಯಾರಿಗೆ ಬೇಕಿತ್ತು ಅಂತ ಕೇಳಿಕೊಳ್ಳೋದು.

ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು. ಅಲ್ಲಿ ನಾನು ಎರಡು ಮೂರು ವರ್ಷದಿಂದ ಶನಿವಾರ ಶನಿವಾರ ಅರ್ಧ ಕೆಜಿ ಖಾರ, ಕಾಲು ಕೆಜಿ ಸಿಹಿ ತಗೋತೀನಿ. ಬಟನ್ ಒತ್ತಿ ತೂಗ್ತಾರೆ. ಹಳೇದಿದ್ದರೆ "ಚಕ್ಕುಲಿ ಮೊನ್ನೇದು ಸಾರ್, ಇವತ್ತು ಬೇಡ" ಅಂತ ಅವರೇ ಹೇಳ್ತಾರೆ. ಕೊಸರು ಮಾತ್ರ ಒಂದು ಕಾಳೂ ಇಲ್ಲ. ಒಂದು ದಿನ ನನ್ನ ಪಕ್ಕದಲ್ಲಿ ಡೆಲಿವರಿ ಹುಡುಗನೊಬ್ಬ ಬಂದು, ಹೆಲ್ಮೆಟ್ಟೂ ತೆಗೆಯದೆ, "ಇಪ್ಪತ್ತು ರೂಪಾಯಿಗೆ ಖಾರ ಕೊಡಿ ಅಣ್ಣ" ಅಂದ. ತೂಗಿ ಕೊಟ್ಟರು. ತೂಗಿದ ಮೇಲೆ ಎರಡು ದೊಡ್ಡ ಹಿಡಿ ಹಾಕಿ, ಒಂದು ನಿಪ್ಪಟ್ಟನ್ನೂ ಸೇರಿಸಿದರು. ಅವನು ಹೋದ ಮೇಲೆ ನಾನು ತಮಾಷೆಗೆ, "ನಮಗೆ ಮಾತ್ರ ಇಲ್ವಲ್ಲ ಯಜಮಾನ್ರೇ?" ಅಂದೆ. ಅವರು ನನ್ನ ಪೊಟ್ಟಣಕ್ಕೆ ದಾರ ಸುತ್ತುತ್ತಾ ಹೇಳಿದರು: "ನಿಮಗೆ ತೂಕ ಸರಿ ಇದ್ರೆ ಸಾಕು ಸಾರ್. ಆ ಹುಡ್ಗ ಬೆಳಗ್ಗೆಯಿಂದ ಊಟ ಮಾಡಿರಲ್ಲ."

ಕೈಗೆ ಇಲ್ಲೂ ಕಣ್ಣಿತ್ತು. ನಮ್ಮೂರಿನ ಅಂಗಡಿಯ ಕೈ ನೋಡ್ತಿದ್ದದ್ದು ಎದುರಿಗಿರುವವನು ಎಷ್ಟು ದೊಡ್ಡವನು ಅಂತ. ಈ ಕೈ ನೋಡಿದ್ದು ಅವನಿಗೆ ಎಷ್ಟು ಹಸಿವಾಗಿದೆ ಅಂತ. ಕಣ್ಣಿರೋದೇ ತಪ್ಪು ಅಂತ ಕಿತ್ತುಹಾಕಿದರೆ ಮೊದಲನೇ ಅನ್ಯಾಯ ನಿಲ್ಲುತ್ತೆ, ಜೊತೆಗೆ ಎರಡನೇ ಕರುಣೆಯೂ ನಿಲ್ಲುತ್ತೆ. ತಕ್ಕಡಿ ಕುರುಡಾಗಿರಲೇಬೇಕು. ಆದರೆ ತಕ್ಕಡಿ ಕೆಲಸ ಮುಗಿಸಿದ ಮೇಲೆ ನೋಡಬಲ್ಲ ಒಂದು ಕೈ ಅಲ್ಲಿ ಇರಲಿ ಅನ್ನೋದು ನನ್ನ ಆಸೆ.

ಇದಕ್ಕೆ ಒಂದು ಷರತ್ತೂ ಇದೆ. ಕೊಸರು ಕೊಡೋಕೆ ವಸ್ತು ಕೊಡುವವನದ್ದಾಗಿರಬೇಕು. ದೊಡ್ಡ ಸ್ವೀಟ್ ಅಂಗಡಿಗಳಲ್ಲಿ ಗ್ಲೌಸ್ ಹಾಕ್ಕೊಂಡು ತೂಗುವ ಹುಡುಗಿಯ ತಲೆ ಮೇಲೆ ಕ್ಯಾಮೆರಾ ಇರುತ್ತೆ. ರಾತ್ರಿ ಸ್ಟಾಕು ಕಮ್ಮಿ ಬಂದರೆ ಕೇಳೋದು ಅವಳನ್ನೇ. ಅವಳ ಮುಂದೆ ನಿಂತು "ಇನ್ನೊಂಚೂರು ಹಾಕಮ್ಮ" ಅನ್ನೋದು ಅವಳದ್ದಲ್ಲದ್ದನ್ನು ಕೊಡು ಅಂತ ಒತ್ತಾಯಿಸಿದ ಹಾಗೆ. ಅವಳು 250ಕ್ಕೆ ನಿಲ್ಲಿಸಿದರೆ ಅದೇ ಅವಳ ಪ್ರಾಮಾಣಿಕತೆ. ಸಂಬಳಕ್ಕೆ ದುಡಿಯುವ ನಮಗೆ ಇದು ಅರ್ಥವಾಗಬೇಕು. ಕಂಪನಿಯ ದುಡ್ಡಿನಲ್ಲಿ ನಾವೂ ಯಾರಿಗೂ ಧಾರಾಳಿಗಳಾಗೋಕೆ ಆಗಲ್ಲ.

ಹಾಗಾದ್ರೆ ನಮ್ಮ ಹತ್ತಿರ ಇರೋ ಕೊಸರು ಯಾವುದು? ಮುಂಚೆ ಬಿಲ್ಲು 97 ಆದರೆ ಅಂಗಡಿಯವರು "95 ಕೊಡಿ" ಅಂತಿದ್ದರು, ಇಲ್ಲವೇ ನಾವು "ನೂರು ಇಟ್ಕೊಳ್ಳಿ" ಅಂತಿದ್ದೆವು. 2016ರಲ್ಲಿ ಯುಪಿಐ ಬಂದ ಮೇಲೆ ಪೈಸೆ ಸಮೇತ ಹೊಡೀತೀವಿ, ಡಬ್ಬಿ ಕೂಗಿ ಹೇಳುತ್ತೆ, ಲೆಕ್ಕ ಚುಕ್ತಾ. ಚಿಲ್ಲರೆ ಬದಲು ಚಾಕೊಲೇಟ್ ಕೊಡುವ ಕಾಟ ತಪ್ಪಿದ್ದು ಒಳ್ಳೇದೇ. ಆದರೆ ನಮ್ಮ ಕೈಯ ಕೊಸರು ಚಿಲ್ಲರೆಯಲ್ಲಿ ಮಾತ್ರ ಇರಬೇಕು ಅಂತೇನಿಲ್ಲ. ತಗೊಳ್ಳೋದಿಲ್ಲ ಅಂತ ಗೊತ್ತಿದ್ದೂ ನಾಲ್ಕು ಡಬ್ಬದಿಂದ ರುಚಿ ನೋಡದೇ ಇರೋದು, "ಮೊನ್ನೇದು" ಅಂತ ನಿಜ ಹೇಳಿದವರ ಹತ್ತಿರವೇ ಮುಂದಿನ ವಾರವೂ ಹೋಗೋದು, ಇವೂ ಕೊಸರೇ. ಯಾರೂ ಇದನ್ನು ನಮ್ಮಿಂದ ಕೇಳೋ ಹಾಗಿಲ್ಲ, ಕೊಡದಿದ್ದರೆ ದೂರುವ ಹಾಗೂ ಇಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ ಡಬ್ಬಿ ತೂಗೋಕೆ ಮುಂಚೆ ಸೊನ್ನೆ ಮಾಡಿದ್ರಾ ಅಂತ ಖಂಡಿತ ಕೇಳಿ. ಆಮೇಲೆ ಕೈ ಡಬ್ಬದ ಕಡೆ ಹೋಗದಿದ್ದರೆ ಬೇಜಾರು ಮಾಡ್ಕೋಬೇಡಿ. ಆ ಹಿಡಿ ಇನ್ಯಾರಿಗೋ ಇರಬಹುದು.