ಕಷಾಯ ಕುದಿಸುವವರು ಯಾರು?

ಪುಣೆಯಲ್ಲಿ ಕಷಾಯಕ್ಕೆ ಕಾಢಾ ಅಂತಾರೆ. ಸಾಮಾನು ಹೆಚ್ಚುಕಮ್ಮಿ ಒಂದೇ. ನಮ್ಮ ಶಿರಸಿ ಕಡೆ ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯ ಹುರಿದು ಪುಡಿ ಮಾಡಿಟ್ಟುಕೊಂಡು, ಬೇಕಾದಾಗ ಬೆಲ್ಲ ಹಾಕಿ ಕುದಿಸಿ ಹಾಲು ಬೆರೆಸುತ್ತೇವೆ. ಇಲ್ಲಿ ಶುಂಠಿ, ತುಳಸಿ, ಲವಂಗದ ಜೊತೆ ಗವತಿ ಚಹಾ ಬೀಳುತ್ತದೆ. ಗವತಿ ಚಹಾ ಅಂದರೆ ನಮ್ಮ ಮಜ್ಜಿಗೆ ಹುಲ್ಲು. ತರಕಾರಿ ಮಂಡಯಿಯಲ್ಲಿ ಕಟ್ಟು ಕಟ್ಟಿ ಮಾರ್ತಾರೆ. ಹಾಗಾಗಿ ಪರವೂರಿಗೆ ಬಂದವನಿಗೆ ಕಷಾಯದ ಸಾಮಾನಿಗೇನೂ ಕೊರತೆಯಿಲ್ಲ. ಆದರೆ ಜ್ವರದಲ್ಲಿ ಮಲಗಿದವನು ತಾನೇ ಎದ್ದು ಕುದಿಸಿಕೊಳ್ಳಬೇಕು ಅಂದರೆ, ಮಾತ್ರೆ ನುಂಗಿ ಮುಸುಕು ಹಾಕೋದೇ ಲೇಸು ಅನ್ನಿಸುತ್ತದೆ.

ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಮತ್ತೆ ನಾಲ್ಕು ಗುಣ ಬೇಕು: ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವ, ಅನುರಾಗ. ಮೂರನ್ನು ಸಂಬಳ ಕೊಟ್ಟಾದರೂ ಪಡೆಯಬಹುದು. ಅನುರಾಗವನ್ನು ಯಾರ ಹತ್ತಿರ ಕೇಳೋದು? ಕೇಳುವ ಹಕ್ಕಾದರೂ ನಮಗೆ ಎಲ್ಲಿದೆ?

ಮನೆಯಲ್ಲಿದ್ದಾಗ ಈ ಪ್ರಶ್ನೆ ಏಳೋದೇ ಇಲ್ಲ. ಲೋಟ ಹಾಸಿಗೆಯ ಹತ್ತಿರ ಬರುತ್ತದೆ, ಖಾರ ಜಾಸ್ತಿಯಾಯ್ತು ಅಂತ ಗೊಣಗಲೂಬಹುದು. ಪುಣೆಗೆ ಬಂದ ಹೊಸದರಲ್ಲಿ ನನಗೆ ಜ್ವರ ಬಂದಿತ್ತು. ಕೆಳಗಿನ ಮನೆಯ ಕಾಕೂ ಕಾಢಾ ತಂದು, "ಘ್ಯಾ, ಗರಮ್ ಆಹೆ" ಅಂದರು. ತಗೋ, ಬಿಸಿ ಇದೆ ಅಂತ. ನನಗೆ ಮರಾಠಿ ಬರ್ತಿರಲಿಲ್ಲ, ಅವರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಆ ಲೋಟದ ಮೇಲೆ ನನಗೆ ಯಾವ ಹಕ್ಕೂ ಇರಲಿಲ್ಲವಾದ್ದರಿಂದಲೇ ಅದು ಕೊಡುಗೆ ಅಂತ ತಿಳಿಯಿತು. ಮನೆಯ ಲೋಟವೂ ಕೊಡುಗೆಯೇ. ಹತ್ತಿರದವರು ಕೊಟ್ಟದ್ದು ಹಾಗೆ ಕಾಣುವುದಿಲ್ಲ, ಅಷ್ಟೆ.

2020ರಲ್ಲಿ ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಮೆಣಸು, ಶುಂಠಿ, ಒಣದ್ರಾಕ್ಷಿಯ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಲು ಸಲಹೆ ಕೊಟ್ಟಿತು. ಕೋವಿಡ್ ವಾಸಿಮಾಡುವ ಔಷಧ ಅದಲ್ಲ. ಆದರೂ ನಮ್ಮ ಕಟ್ಟಡದಲ್ಲಿ ರೋಗಿಯ ಬಾಗಿಲ ಹೊರಗೆ ಫ್ಲಾಸ್ಕು ಇಟ್ಟು, ಬೆಲ್ ಒತ್ತಿ, ದೂರ ಹೋಗಿ ನಿಲ್ಲುತ್ತಿದ್ದವರಿದ್ದರು. ಅವರಲ್ಲಿ ರಕ್ತಸಂಬಂಧಿಗಳು ಒಬ್ಬರೂ ಇರಲಿಲ್ಲ.

ಈಗ ಊರಲ್ಲಿರುವ ನಿಮಗೇ ಒಂದು ಪ್ರಶ್ನೆ. ಮನೆಯಲ್ಲಿ ಕಷಾಯ ಕುದಿಸುವವಳಿಗೇ ಜ್ವರ ಬಂದರೆ ಒಲೆ ಹಚ್ಚುವವರು ಯಾರು? ನಾನು ಕಂಡ ಎಷ್ಟೋ ಮನೆಗಳಲ್ಲಿ ಅವಳೇ ಏಳುತ್ತಾಳೆ. ಎಲ್ಲರ ತಿಂಡಿ ಮುಗಿಸಿ, ಆಮೇಲೆ ತನ್ನ ಕಷಾಯಕ್ಕೆ ನೀರಿಡುತ್ತಾಳೆ. ಹುಟ್ಟಿದ ಊರಲ್ಲಿದ್ದರೂ ಅವಳದ್ದು ಪರವೂರಿನವನದೇ ಪಾಡು. ತಾಯಿಯ ಕಷಾಯವನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳೋದು ಸುಲಭ. ತಾಯಿಗೆ ಕಷಾಯ ಮಾಡಿಕೊಟ್ಟ ನೆನಪು ಎಷ್ಟು ಜನರಿಗಿದೆ?

ಅನುರಾಗವನ್ನು ಹಕ್ಕಿನಿಂದ ಕೇಳಲಾಗದು, ನಿಜ. ಕಲಿಯಬಹುದು. ಪುಣೆಯ ರೂಮುಗಳಲ್ಲಿ ಬೀದರ್, ವಿಜಾಪುರದ ಹುಡುಗರು ಪಾಳಿ ಹಾಕಿಕೊಂಡು ಒಬ್ಬರಿಗೊಬ್ಬರು ಕುದಿಸಿ ಕೊಡ್ತಾರೆ. ಮೊದಲು ಮೆಣಸು ಎಷ್ಟು ಅಂತಲೂ ಗೊತ್ತಿಲ್ಲದವರು ಅವರು. ರಜೆಗೆ ಹೋದಾಗ ಊರಲ್ಲೂ ಅಡುಗೆಮನೆಗೆ ಹೊಕ್ಕರೆ ಕಲಿತದ್ದು ಸಾರ್ಥಕ.